ಕರ್ನಾಟಕದಲ್ಲಿ ನಿವೇಶನ ಕೊಳ್ಳುವ ಮುನ್ನ ಭೂ ಬಳಕೆ ವಲಯವನ್ನು ಪರಿಶೀಲಿಸುವ ಕ್ರಮ

ನಿವೇಶನದ ವ್ಯವಹಾರಕ್ಕೆ ಕುಳಿತಾಗ ಕೊಳ್ಳುವವರು ಮೊದಲು ಕೇಳುವುದು ‘ಟೈಟಲ್ ಕ್ಲಿಯರ್ ಇದೆಯೇ’ ಎಂದು, ಆಮೇಲೆ ಕೇಳುವುದು ‘ಕನ್ವರ್ಷನ್ ಆಗಿದೆಯೇ’ ಎಂದು. ಎರಡಕ್ಕೂ ಹೌದೆಂಬ ಉತ್ತರ ಬಂದು, ಅದಕ್ಕೆ ತಕ್ಕ ಕಾಗದಗಳೂ ಕೈಗೆ ಬಂದ ಮೇಲೆ ಅಲ್ಲಿ ಮನೆ ಕಟ್ಟಲು ಪರವಾನಗಿ ಸಿಗದೇ ಹೋಗಬಹುದು ಎಂಬುದು ಹಲವರಿಗೆ ತಿಳಿಯುವುದು ನಕ್ಷೆ ಮಂಜೂರಾತಿಗೆ ಅರ್ಜಿ ಹಾಕಿದ ದಿನವೇ. ಜಮೀನು ಯಾರದು ಎಂಬುದನ್ನು ಕ್ರಯಪತ್ರ, ಪಹಣಿ, ಋಣಭಾರ ಪತ್ರಗಳು ಹೇಳುತ್ತವೆ. ಆ ಜಮೀನಿನಲ್ಲಿ ಏನು ಮಾಡಬಹುದು ಎಂಬುದನ್ನು ಅವುಗಳಲ್ಲಿ ಯಾವುದೂ ಪೂರ್ತಿಯಾಗಿ ಹೇಳುವುದಿಲ್ಲ. ಅದನ್ನು ಹೇಳುವುದು ಊರಿನ ಯಾವ ಜಾಗ ಯಾವ ಬಳಕೆಗೆ ಎಂದು ಗುರುತಿಸುವ ಮಾಸ್ಟರ್ ಪ್ಲಾನ್ ನಕ್ಷೆ ಮತ್ತು ಅದರ ಜೊತೆಗಿರುವ ವಲಯ ನಿಯಮಾವಳಿ. ಮಾರುವವರು ತೋರಿಸುವ ಕಡತದಲ್ಲಿ ಈ ಎರಡು ಇರುವುದು ಅಪರೂಪ, ಹಾಗಾಗಿ ಕೊಳ್ಳುವವರೇ ಹುಡುಕಿಕೊಂಡು ಹೋಗಬೇಕಾಗುತ್ತದೆ. ಈ ಕೆಲಸವನ್ನು ಮುಂಗಡ ಹಣ ಕೊಡುವ ಮೊದಲೇ ಮಾಡುವುದು ಒಳ್ಳೆಯದು, ಏಕೆಂದರೆ ಇದರ ಬಹುಪಾಲಿಗೆ ಬೇಕಾಗುವುದು ಸಮಯವೇ ಹೊರತು ಹಣವಲ್ಲ.

ಗೊಂದಲಕ್ಕೆ ಮೂಲವೆಂದರೆ, ಒಂದೇ ಜಮೀನಿನ ಬಗ್ಗೆ ಎರಡು ಬೇರೆ ಕಾಯ್ದೆಗಳು ಎರಡು ಬೇರೆ ಪ್ರಶ್ನೆಗಳನ್ನು ಕೇಳುತ್ತವೆ. ಕೃಷಿ ಜಮೀನನ್ನು ಕೃಷಿಯೇತರ ಉದ್ದೇಶಕ್ಕೆ ಬಳಸಬಹುದೇ ಎಂಬುದು ಕಂದಾಯದ ಪ್ರಶ್ನೆ. ಅದಕ್ಕೆ ಉತ್ತರ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಲ್ಲಿದೆ. ಜನ ಡಿಸಿ ಕನ್ವರ್ಷನ್ ಎನ್ನುವುದು ಇದನ್ನೇ. ಆ ಜಾಗ ಊರಿನ ಬೆಳವಣಿಗೆಯ ಲೆಕ್ಕದಲ್ಲಿ ವಸತಿಗೋ, ಕೈಗಾರಿಕೆಗೋ, ಉದ್ಯಾನಕ್ಕೋ, ರಸ್ತೆಗೋ ಮೀಸಲು ಎಂಬುದು ಯೋಜನೆಯ ಪ್ರಶ್ನೆ, ಅದಕ್ಕೆ ಆಧಾರ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಪರಿವರ್ತನೆಯ ವಿಧಾನಕ್ಕೆ ಮತ್ತೆ ಮತ್ತೆ ತಿದ್ದುಪಡಿಗಳಾಗಿ, ಮಾಸ್ಟರ್ ಪ್ಲಾನಿಗೆ ಹೊಂದುವ ಜಮೀನುಗಳ ಮಟ್ಟಿಗೆ ಅದು ಈಗ ಮೊದಲಿಗಿಂತ ಸರಳವಾಗಿದೆ. ಆದರೆ ಎರಡು ಪ್ರಶ್ನೆಗಳೂ ಬೇರೆಬೇರೆ ಎಂಬುದು ಬದಲಾಗಿಲ್ಲ. ವಸತಿಗೆಂದು ಪರಿವರ್ತನೆಯಾದ ಜಮೀನು ನಕ್ಷೆಯಲ್ಲಿ ಉದ್ಯಾನದ ಹಸಿರಿನಲ್ಲಿರುವುದೂ ಉಂಟು, ವಸತಿ ವಲಯದಲ್ಲಿದ್ದೂ ಪರಿವರ್ತನೆಯಾಗದೆ ಉಳಿದಿರುವುದೂ ಉಂಟು. ಇವೆರಡರಲ್ಲಿ ಎರಡನೆಯದನ್ನು ಸರಿಪಡಿಸಿಕೊಳ್ಳಬಹುದು. ಮೊದಲನೆಯದರಿಂದ ದೂರವಿರುವುದೇ ಲೇಸು.

ಮೊದಲು ಸರ್ವೆ ನಂಬರನ್ನು ಖಚಿತಪಡಿಸಿಕೊಳ್ಳಿ

ಬಡಾವಣೆಯ ಹೆಸರು, ಸೈಟ್ ನಂಬರ್, ಹತ್ತಿರದ ದೇವಸ್ಥಾನ ಇವುಗಳಿಂದ ವಲಯ ತಿಳಿಯುವುದಿಲ್ಲ. ನಕ್ಷೆಯೊಡನೆ ತಾಳೆ ನೋಡಲು ಗ್ರಾಮ, ಹೋಬಳಿ, ತಾಲ್ಲೂಕು ಮತ್ತು ಸರ್ವೆ ನಂಬರ್ ಬೇಕು. ಕ್ರಯಪತ್ರದ ಷೆಡ್ಯೂಲಿನಲ್ಲಿ ‘ಹಳೆಯ ಸರ್ವೆ ನಂಬರ್’, ‘ಹೊಸ ಸರ್ವೆ ನಂಬರ್’ ಎಂದು ಎರಡು ಬರೆದಿದ್ದರೆ ಎರಡನ್ನೂ ಗುರುತು ಹಾಕಿಕೊಳ್ಳಿ. ಪೋಡಿಯಾದ, ಅಂದರೆ ಅಳೆದು ಪಾಲು ಮಾಡಿದ, ಜಮೀನುಗಳಲ್ಲಿ ನಂಬರು ಬದಲಾಗಿರುತ್ತದೆ ಅಥವಾ ಪಾಲಿನ ಸಂಖ್ಯೆಯಾದ ಹಿಸ್ಸಾ ಸೇರಿರುತ್ತದೆ. ಮಾಸ್ಟರ್ ಪ್ಲಾನ್ ನಕ್ಷೆಗೆ ಆಧಾರವಾಗಿರುವ ಗ್ರಾಮ ನಕ್ಷೆಯಲ್ಲಿ ಮಾತ್ರ ಹಳೆಯ ಮೂಲ ನಂಬರೇ ಉಳಿದಿರುತ್ತದೆ. ಪಹಣಿಯಲ್ಲಿ 47/2 ಎಂದಿರುವುದು ನಕ್ಷೆಯಲ್ಲಿ ಬರಿಯ 47 ಆಗಿರುತ್ತದೆ, ಆ 47ರ ಯಾವ ಭಾಗ 47/2 ಎಂಬುದು ಸರ್ವೆ ಇಲಾಖೆಯ ಹಿಸ್ಸಾ ಟಿಪ್ಪಣಿ ಅಥವಾ ಪೋಡಿ ನಕ್ಷೆಯಿಂದಲೇ ತಿಳಿಯಬೇಕು. ಇಡೀ 47 ಒಂದೇ ಬಣ್ಣದಲ್ಲಿದ್ದರೆ ಈ ತೊಂದರೆ ಬೇಕಿಲ್ಲ. ಅದರ ನಡುವೆ ಬಣ್ಣ ಬದಲಾಗಿದ್ದರೆ ಹಿಸ್ಸಾ ನಕ್ಷೆಯಿಲ್ಲದೆ ಮುಂದೆ ಹೆಜ್ಜೆಯಿಡಬಾರದು.

ನಂಬರನ್ನು ಸ್ಥಳದಲ್ಲಿಯೇ ಪರೀಕ್ಷಿಸಲು ದಿಶಾಂಕ್ ಆ್ಯಪ್ ಅನುಕೂಲ. ನಿವೇಶನದಲ್ಲಿ ನಿಂತು ಅದನ್ನು ತೆರೆದರೆ ನೀವು ನಿಂತಿರುವ ಜಾಗ ಯಾವ ಸರ್ವೆ ನಂಬರಿನಲ್ಲಿದೆ ಎಂದು ತೋರಿಸುತ್ತದೆ. ಕಾಗದದ ಮೇಲೆ 47, ಕಾಲ ಕೆಳಗೆ 48 ಎಂದು ಬಂದರೆ ಅಲ್ಲಿಗೆ ಮಾತು ನಿಲ್ಲಿಸಿ ವಿಚಾರಿಸಬೇಕು. ಮೊಬೈಲಿನ ಜಿಪಿಎಸ್‌ನಲ್ಲಿ ಕೆಲವು ಮೀಟರ್ ವ್ಯತ್ಯಾಸ ಸಹಜವಾದ್ದರಿಂದ ಗಡಿಯಂಚಿನ ನಿವೇಶನಗಳ ವಿಷಯದಲ್ಲಿ ಆ್ಯಪ್ ಹೇಳಿದ್ದನ್ನು ತೀರ್ಪೆಂದು ಭಾವಿಸದೆ, ಭೂಮಾಪಕರಿಂದ ಹದ್ದುಬಸ್ತು, ಅಂದರೆ ಗಡಿ ಗುರುತಿಸುವ ಅಳತೆ, ಮಾಡಿಸುವುದು ಸರಿ.

ಇದೇ ಹಂತದಲ್ಲಿ ಪಹಣಿಯಲ್ಲಿರುವ ಖರಾಬು ವಿವರವನ್ನೂ ಓದಿ. ‘ಎ’ ಖರಾಬು ಸಾಗುವಳಿಗೆ ಯೋಗ್ಯವಲ್ಲದ ಭಾಗ. ‘ಬಿ’ ಖರಾಬು ಎಂದರೆ ಹಳ್ಳ, ಕಾಲುವೆ, ಬಂಡಿ ದಾರಿ, ಸ್ಮಶಾನದಂಥ ಸಾರ್ವಜನಿಕ ಬಳಕೆಗೆ ಸೇರಿದ ಭಾಗ. ಎರಡು ಎಕರೆ ಜಮೀನಿನಲ್ಲಿ ನಾಲ್ಕು ಗುಂಟೆ ‘ಬಿ’ ಖರಾಬು ಇದ್ದು, ಮಾರುವವರು ಎರಡು ಎಕರೆಯನ್ನೂ ಸೈಟುಗಳಾಗಿ ಹಂಚಿದ್ದರೆ, ಆ ನಾಲ್ಕು ಗುಂಟೆ, ಅಂದರೆ 4,356 ಚದರ ಅಡಿ, ಯಾರದೋ ಸೈಟುಗಳ ಒಳಗೇ ಇದೆ ಎಂದಾಯಿತು. 30×40ರ ಲೆಕ್ಕದಲ್ಲಿ ಅದು ಮೂರೂವರೆ ನಿವೇಶನಗಳಿಗಿಂತ ಹೆಚ್ಚು.

ಯಾರ ನಕ್ಷೆ, ಯಾವ ನಕ್ಷೆ

ರಾಜ್ಯದ ಎಲ್ಲ ಊರಿಗೂ ಒಂದೇ ಯೋಜನಾ ಪ್ರಾಧಿಕಾರವಿಲ್ಲ. ಬೆಂಗಳೂರಿನ ಸ್ಥಳೀಯ ಯೋಜನಾ ಪ್ರದೇಶಕ್ಕೆ (ಎಲ್‌ಪಿಎ) ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಮಾಡಿದ ನಕ್ಷೆಯಿದೆ. ಅದರ ಸುತ್ತ ಬೆಂಗಳೂರು ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ (ಬಿಎಂಆರ್‌ಡಿಎ) ವ್ಯಾಪ್ತಿಯಲ್ಲಿ ಆನೇಕಲ್, ಹೊಸಕೋಟೆ, ನೆಲಮಂಗಲ, ಮಾಗಡಿ, ಕನಕಪುರಗಳಿಗೆ ಬೇರೆ ಬೇರೆ ಯೋಜನಾ ಪ್ರಾಧಿಕಾರಗಳು ರೂಪುಗೊಂಡವು, ದೇವನಹಳ್ಳಿಯ ಕಡೆ ವಿಮಾನ ನಿಲ್ದಾಣ ಪ್ರದೇಶಕ್ಕೇ ಪ್ರತ್ಯೇಕ ಪ್ರಾಧಿಕಾರ ಬಂತು. ಉಳಿದ ದೊಡ್ಡ ನಗರಗಳಲ್ಲಿ ನಗರಾಭಿವೃದ್ಧಿ ಪ್ರಾಧಿಕಾರಗಳಿವೆ. ಚಿಕ್ಕ ಪಟ್ಟಣಗಳಲ್ಲಿ ಯೋಜನಾ ಪ್ರಾಧಿಕಾರ ಅಥವಾ ಪುರಸಭೆಯೇ ಆ ಕೆಲಸ ನೋಡಿಕೊಳ್ಳುತ್ತದೆ. ಗ್ರಾಮದ ಹೆಸರು ಹೇಳಿ ‘ಇದು ಯಾವ ಎಲ್‌ಪಿಎ ವ್ಯಾಪ್ತಿಗೆ ಬರುತ್ತದೆ’ ಎಂದು ಜಿಲ್ಲೆಯ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯ ಕಚೇರಿಯಲ್ಲಿ ಕೇಳಿದರೆ ಸರಿಯಾದ ಬಾಗಿಲು ತಿಳಿಯುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ‘ಇಲ್ಲಿ ಎಲ್ಲರೂ ಕಟ್ಟಿದ್ದಾರಲ್ಲ’ ಎಂಬುದು. ಪಕ್ಕದವರು ಕಟ್ಟಿರುವುದು ಅವರ ಧೈರ್ಯಕ್ಕೆ ಸಾಕ್ಷಿಯಾದೀತೇ ಹೊರತು ನಿಮ್ಮ ಹಕ್ಕಿಗೆ ಅಲ್ಲ.

ನಕ್ಷೆ ಸಿಕ್ಕಮೇಲೆ ಅದು ಅಂತಿಮವೋ ಕರಡೋ ಎಂದು ನೋಡಿ. ಮಾಸ್ಟರ್ ಪ್ಲಾನ್ ಮೊದಲು ಕರಡಾಗಿ ಪ್ರಕಟವಾಗಿ, ಸಾರ್ವಜನಿಕರ ಆಕ್ಷೇಪಣೆಗಳನ್ನು ಪರಿಶೀಲಿಸಿದ ನಂತರ ಸರ್ಕಾರದ ಅನುಮೋದನೆ ಪಡೆಯುತ್ತದೆ. ಬೆಂಗಳೂರಿನಲ್ಲಿ 2015ರ ಪರಿಷ್ಕೃತ ಮಾಸ್ಟರ್ ಪ್ಲಾನ್, ಅಂದರೆ 2015ರವರೆಗಿನ ಬೆಳವಣಿಗೆಗೆಂದು ಮಾಡಿದ್ದು, 2007ರಲ್ಲಿ ಜಾರಿಗೆ ಬಂತು. 2031ಕ್ಕೆಂದು ಮಾಡಿದ ಕರಡು 2017ರಲ್ಲಿ ಪ್ರಕಟವಾದರೂ ಅಂತಿಮಗೊಳ್ಳದೆ ಹಿಂದಕ್ಕೆ ಹೋಯಿತು. ಆ ಕರಡಿನ ಪುಟಗಳನ್ನು ತೋರಿಸಿ ‘ಹೊಸ ಪ್ಲಾನಿನಲ್ಲಿ ಇದು ಯೆಲ್ಲೋ ಜೋನ್’ (ವಸತಿ ವಲಯ) ಎಂದವರನ್ನು ನಂಬಿ ಕೊಂಡವರ ಕೈಯಲ್ಲಿ ಉಳಿದದ್ದು ಒಂದು ಬಣ್ಣದ ಪ್ರತಿ ಮಾತ್ರ. ಜಾರಿಯಲ್ಲಿರುವ ನಕ್ಷೆಯನ್ನೇ ಆಧಾರವಾಗಿಟ್ಟುಕೊಳ್ಳಿ. ಕರಡು ಹೊರಬಂದಿದ್ದರೆ ಅದನ್ನೂ ಓದಿ, ಆದರೆ ಕೆಟ್ಟ ಸುದ್ದಿಗಾಗಿ ಮಾತ್ರ. ಕರಡಿನಲ್ಲಿ ಹೊಸ ರಸ್ತೆಯೊಂದು ನಿಮ್ಮ ಸರ್ವೆ ನಂಬರಿನ ಮೇಲೆ ಹಾದಿದ್ದರೆ ಅದು ತಿಳಿದಿರಬೇಕಾದ ವಿಷಯ.

ನಕ್ಷೆ ಓದುವ ಬಗೆ

ಬಣ್ಣಗಳಲ್ಲಿ ಒಂದು ರೂಢಿಯಿದೆ: ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಸಾರ್ವಜನಿಕ ಮತ್ತು ಅರೆಸಾರ್ವಜನಿಕ ಬಳಕೆಗೆ ಕೆಂಪು, ಉದ್ಯಾನ ಮತ್ತು ಬಯಲಿಗೆ ಹಸಿರು, ಸಂಚಾರಕ್ಕೆ ಬೂದು, ಕೃಷಿ ವಲಯಕ್ಕೆ ತಿಳಿಹಸಿರು. ಆದರೂ ಪ್ರತಿ ನಕ್ಷೆಯ ಮೂಲೆಯಲ್ಲಿರುವ ಸೂಚಿಯನ್ನು ಓದದೆ ಬಣ್ಣವನ್ನು ಅರ್ಥಮಾಡಿಕೊಳ್ಳಬಾರದು. ವಸತಿ ಮತ್ತು ಮಿಶ್ರ ವಸತಿಗೆ ಒಂದೇ ಹಳದಿಯ ಎರಡು ಛಾಯೆಗಳಿರುತ್ತವೆ, ಉದ್ಯಾನದ ಹಸಿರು ಮತ್ತು ಕೃಷಿಯ ಹಸಿರು ಜೆರಾಕ್ಸ್ ಪ್ರತಿಯಲ್ಲಿ ಒಂದೇ ಬೂದಿಯಾಗಿ ಕಾಣುತ್ತವೆ. ಕಪ್ಪುಬಿಳುಪು ಪ್ರತಿ ಕೊಟ್ಟವರಿಗೆ ಅದನ್ನು ಹಿಂತಿರುಗಿಸಿ.

ಅಳತೆಯ ಪ್ರಮಾಣವನ್ನು ಗಮನಿಸುವವರು ಕಡಿಮೆ. ನಮ್ಮ ಗ್ರಾಮ ನಕ್ಷೆಗಳ ಪ್ರಮಾಣ ಸಾಮಾನ್ಯವಾಗಿ 1:7920. ಅಂದರೆ ನಕ್ಷೆಯ ಮೇಲಿನ ಒಂದು ಮಿಲಿಮೀಟರ್ ನೆಲದ ಮೇಲೆ ಎಂಟು ಮೀಟರಿಗೆ ತುಸು ಕಡಿಮೆ. 30×40 ಅಡಿಯ ನಿವೇಶನ 9.14 ಮೀಟರ್ ಅಗಲ, 12.19 ಮೀಟರ್ ಉದ್ದವಿರುವುದರಿಂದ ಆ ನಕ್ಷೆಯಲ್ಲಿ ಅದರ ಗಾತ್ರ ಸುಮಾರು 1.15 ಮಿಲಿಮೀಟರಿಗೆ 1.54 ಮಿಲಿಮೀಟರ್, ಒಂದು ಸಾಸಿವೆ ಕಾಳಿನಷ್ಟು. ಎರಡು ವಲಯಗಳನ್ನು ಬೇರ್ಪಡಿಸುವ ಗೆರೆಯೇ ಅರ್ಧ ಮಿಲಿಮೀಟರ್ ದಪ್ಪವಿದ್ದರೆ ಆ ಗೆರೆಯ ಕೆಳಗೆ ನಾಲ್ಕು ಮೀಟರ್ ನೆಲ ಮುಚ್ಚಿಹೋಗಿರುತ್ತದೆ. ಆದ್ದರಿಂದ ನಿವೇಶನ ಹಳದಿಯ ನಡುಭಾಗದಲ್ಲಿದ್ದರೆ ಕಣ್ಣಳತೆಯೇ ಸಾಕು. ಅಂಚಿನಲ್ಲಿದ್ದರೆ ಕಣ್ಣಳತೆಗೆ ಬೆಲೆಯಿಲ್ಲ, ಪ್ರಾಧಿಕಾರದಿಂದ ಲಿಖಿತ ಉತ್ತರವೇ ಬೇಕು.

ನಕ್ಷೆಯಲ್ಲಿ ಬಣ್ಣದಷ್ಟೇ ಮುಖ್ಯವಾದದ್ದು ಗೆರೆಗಳು. ಪ್ರಸ್ತಾವಿತ ರಸ್ತೆಗಳು ಇನ್ನೂ ನೆಲದ ಮೇಲೆ ಇರುವುದಿಲ್ಲ, ಅಲ್ಲಿ ಹೋಗಿ ನೋಡಿದರೆ ತೆಂಗಿನ ಮರವೋ ರಾಗಿ ಹೊಲವೋ ಕಾಣುತ್ತದೆ. ಆದರೆ ನಕ್ಷೆಯಲ್ಲಿ ಜೋಡಿ ಗೆರೆಯಾಗಿ ಅವು ಆಗಲೇ ಇವೆ. ಇರುವ ರಸ್ತೆಯ ಅಗಲೀಕರಣವೂ ಹೀಗೆಯೇ. ಇದರ ಪರಿಣಾಮವನ್ನು ಒಂದು ಲೆಕ್ಕದಲ್ಲಿ ನೋಡಬಹುದು. 30 ಅಡಿ ಮುಂಭಾಗ, 40 ಅಡಿ ಆಳದ ನಿವೇಶನಕ್ಕೆ ಎಫ್‌ಎಆರ್ (ನೆಲದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಮಿತಿ) 1.75 ಎಂದಿದ್ದರೆ, 1,200 ಚದರ ಅಡಿ ನೆಲದ ಮೇಲೆ ಎಲ್ಲ ಮಹಡಿಗಳೂ ಸೇರಿ 2,100 ಚದರ ಅಡಿ ಕಟ್ಟಬಹುದು. ಅಗಲೀಕರಣಕ್ಕೆ ಮುಂದಿನ ಐದು ಅಡಿ ಬಿಟ್ಟುಕೊಡಬೇಕಾಗಿ ಬಂದರೆ ಉಳಿಯುವುದು 1,050 ಚದರ ಅಡಿ ನೆಲ. ಅದರ ಮೇಲೆ ಎಫ್‌ಎಆರ್ ಲೆಕ್ಕ ಹಾಕಿದರೆ 1,837 ಚದರ ಅಡಿ, ಮತ್ತು ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಖಾಲಿ ಬಿಡುವ ಜಾಗ) ಬಿಡಬೇಕಾದದ್ದು ಹೊಸ ಗಡಿಯಿಂದ ಒಳಕ್ಕೆ. ಕೋಣೆಯೊಂದು ಹೋಯಿತೆಂಬುದು ಮಾತ್ರವಲ್ಲ, ಚಿಕ್ಕ ನಿವೇಶನಗಳಲ್ಲಿ ಮನೆಯ ವಿನ್ಯಾಸವೇ ಕೂರದೆ ಹೋಗಬಹುದು. ಬಿಟ್ಟುಕೊಟ್ಟ ನೆಲಕ್ಕೆ ಬದಲಾಗಿ ಅಭಿವೃದ್ಧಿ ಹಕ್ಕು ಕೊಡುವ ವ್ಯವಸ್ಥೆ ಇದೆ. ಅದನ್ನು ನೆಚ್ಚಿಕೊಂಡು ನಿವೇಶನದ ದರ ನಿಗದಿ ಮಾಡುವುದು ಜಾಣತನವಲ್ಲ.

ವಲಯ ಹಳದಿಯಾಗಿದ್ದರೂ ಕಟ್ಟಲು ಬಿಡದ ಪಟ್ಟಿಗಳು

ಹಳದಿಯ ಮೇಲೂ ಬೇರೆ ನಿರ್ಬಂಧಗಳು ಹಾಸಿಕೊಂಡಿರುತ್ತವೆ. ಬೆಂಗಳೂರಿನಲ್ಲಿ ಹೆಚ್ಚು ಜನ ಎಡವುವುದು ಕೆರೆ ಮತ್ತು ರಾಜಕಾಲುವೆಯ ಬಫರಿನಲ್ಲಿ, ಅಂದರೆ ಅವುಗಳ ಪಕ್ಕದಲ್ಲಿ ಕಟ್ಟದೆ ಬಿಡಬೇಕಾದ ಜಾಗದಲ್ಲಿ. 2015ರ ಮಾಸ್ಟರ್ ಪ್ಲಾನ್ ಕೆರೆಯ ಸುತ್ತ 30 ಮೀಟರ್, ರಾಜಕಾಲುವೆಗಳಿಗೆ ಅವುಗಳ ದರ್ಜೆಗೆ ತಕ್ಕಂತೆ ನಡುಮಧ್ಯದಿಂದ 50, 25 ಮತ್ತು 15 ಮೀಟರ್ ಬಿಡಬೇಕೆಂದು ಹೇಳಿತು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಯ ಬಫರನ್ನು 75 ಮೀಟರಿಗೆ ಏರಿಸಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಭಾಗವನ್ನು ರದ್ದುಮಾಡಿ ಮಾಸ್ಟರ್ ಪ್ಲಾನಿನ ಅಳತೆಗೇ ಮರಳಿಸಿತು. ಈ ಅಳತೆಗಳನ್ನು ಬದಲಿಸುವ ಪ್ರಯತ್ನಗಳು ಆಮೇಲೂ ನಡೆದಿರುವುದರಿಂದ, ಕೊಳ್ಳುವ ದಿನ ಯಾವುದು ಜಾರಿಯಲ್ಲಿದೆ ಎಂದು ಪ್ರಾಧಿಕಾರದಲ್ಲಿ ಕೇಳಿಯೇ ಮುಂದುವರಿಯಬೇಕು. ಇಲ್ಲಿ ಒಂದು ಮಾತು: ಕಾಲುವೆ ಈಗ ಕಣ್ಣಿಗೆ ಕಾಣದಿದ್ದರೂ ಗ್ರಾಮ ನಕ್ಷೆಯಲ್ಲಿ ಇದ್ದರೆ ಅದು ಇದ್ದಂತೆಯೇ. ಮಣ್ಣು ಮುಚ್ಚಿ ಸಮತಟ್ಟು ಮಾಡಿದ ಹಳ್ಳದ ಮೇಲೆ ಹಾಕಿದ ಸೈಟು ಬೇಸಿಗೆಯಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಹಳೆಯ ಗ್ರಾಮ ನಕ್ಷೆಯ ಪ್ರತಿಯನ್ನು ತಪ್ಪದೆ ತೆಗೆದುಕೊಂಡು, ನಿಮ್ಮ ಸರ್ವೆ ನಂಬರಿನ ಒಳಗೆ ಅಥವಾ ಪಕ್ಕದಲ್ಲಿ ಹಳ್ಳದ ಗುರುತು ಹಾದಿದೆಯೇ ಎಂದು ಬೆರಳಿಟ್ಟು ನೋಡಿ.

ಹೈಟೆನ್ಷನ್ ತಂತಿಯ ಕೆಳಗಿನ ಪಟ್ಟಿ, ಹೆದ್ದಾರಿಯ ಕಟ್ಟಡ ರೇಖೆ, ರೈಲ್ವೆ ಗಡಿಯ ಪಕ್ಕದ ಜಾಗ, ವಿಮಾನ ನಿಲ್ದಾಣದ ಸುತ್ತಲಿನ ಎತ್ತರದ ಮಿತಿ, ರಕ್ಷಣಾ ನೆಲೆಗಳ ನೆರೆ ಇವೆಲ್ಲ ಪ್ರತ್ಯೇಕ ಇಲಾಖೆಗಳ ನಿರಾಕ್ಷೇಪಣೆ ಬೇಡುವಂಥವು. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಸುತ್ತ ಪರಿಸರ ಸೂಕ್ಷ್ಮ ವಲಯವಿದೆ. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಸಮುದ್ರ ಮತ್ತು ಅಳಿವೆಯ ಪಕ್ಕದ ಜಾಗಕ್ಕೆ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ನಕ್ಷೆಯನ್ನು ನೋಡದೆ ಕೊಳ್ಳಬಾರದು. ಅಲ್ಲಿ ಸಮುದ್ರದ ಉಬ್ಬರದ ಗೆರೆಯಿಂದ ಎಷ್ಟು ದೂರ ಎಂಬುದೇ ಮನೆಯ ಹಣೆಬರಹ.

ಪರಿವರ್ತನೆ ಆದೇಶದಲ್ಲಿ ಏನು ಬರೆದಿದೆ

ಆದೇಶದ ಪ್ರತಿ ಕೈಗೆ ಬಂದರೆ ‘ಆಗಿದೆ’ ಎಂದು ಮಡಚಿಡದೆ ಸಾಲುಸಾಲಾಗಿ ಓದಿ. ಯಾವ ಉದ್ದೇಶಕ್ಕೆ ಪರಿವರ್ತನೆ ಎಂಬುದು ಮೊದಲ ಸಂಗತಿ: ಕೈಗಾರಿಕೆಗೆಂದೋ ಗೋದಾಮಿಗೆಂದೋ ಆದ ಪರಿವರ್ತನೆ ಮನೆಗೆ ಹೊಂದುವುದಿಲ್ಲ. ಎಷ್ಟು ವಿಸ್ತೀರ್ಣ ಎಂಬುದು ಎರಡನೆಯದು: ಎರಡು ಎಕರೆಯ ಜಮೀನಿನಲ್ಲಿ ಒಂದು ಎಕರೆ ಹತ್ತು ಗುಂಟೆಗೆ ಮಾತ್ರ ಆದೇಶವಿದ್ದು, ಉಳಿದ ಮೂವತ್ತು ಗುಂಟೆಯಲ್ಲೂ ಅದೇ ಆದೇಶದ ಸಂಖ್ಯೆ ತೋರಿಸಿ ಸೈಟು ಮಾರುವುದು ಹೊಸದೇನಲ್ಲ. ಆದೇಶಕ್ಕೆ ನಕ್ಷೆ ಲಗತ್ತಿಸಿದ್ದರೆ ಅದನ್ನೂ ಕೇಳಿ ಪಡೆಯಿರಿ. ಆದೇಶ ಪಹಣಿಯಲ್ಲಿ ನಮೂದಾಗಿದೆಯೇ ಎಂದು ತಾಳೆ ನೋಡಿ. ಆದೇಶದ ದಿನಾಂಕವನ್ನು ಮಾಸ್ಟರ್ ಪ್ಲಾನ್ ಜಾರಿಗೆ ಬಂದ ದಿನಾಂಕದ ಪಕ್ಕದಲ್ಲಿಟ್ಟು ನೋಡಿ. ಪರಿವರ್ತನೆ ಹಳೆಯದು, ವಲಯ ಹೊಸದು ಎಂದಾದಲ್ಲಿ ಎರಡೂ ಒಂದಕ್ಕೊಂದು ಒಪ್ಪುತ್ತವೆಯೇ ಎಂಬುದನ್ನು ಪ್ರಾಧಿಕಾರವೇ ಬರೆದುಕೊಡಬೇಕು.

ಗ್ರಾಮಠಾಣದೊಳಗಿನ, ಅಂದರೆ ಊರಿನ ಮೂಲ ವಸತಿ ಗಡಿಯೊಳಗಿನ, ಜಾಗಕ್ಕೆ ಪರಿವರ್ತನೆ ಬೇಕಿಲ್ಲ ಎಂಬುದು ನಿಜ. ಆದರೆ ‘ಗ್ರಾಮಠಾಣ ಸೈಟು’ ಎಂಬ ಹೆಸರಿನಲ್ಲಿ ಮಾರಾಟವಾಗುವುದರಲ್ಲಿ ಎಷ್ಟೋ ಜಾಗ ಗ್ರಾಮಠಾಣದ ಗಡಿಯ ಹೊರಗಿನ ಕೃಷಿ ಜಮೀನು. ಗಡಿ ಎಲ್ಲಿದೆ ಎಂಬುದು ಮತ್ತೆ ಗ್ರಾಮ ನಕ್ಷೆಯಲ್ಲೇ ಇದೆ.

ಪರಿವರ್ತನೆಯಾದ ಜಮೀನನ್ನು ಸೈಟುಗಳಾಗಿ ವಿಭಾಗಿಸಲು ಬಡಾವಣೆ ನಕ್ಷೆಗೆ ಬೇರೆ ಅನುಮೋದನೆ ಬೇಕು. ಯೋಜನಾ ಕಾಯ್ದೆಯ 17ನೇ ಕಲಂ ಇದಕ್ಕೆ ಸಂಬಂಧಿಸಿದ್ದು. ಅನುಮೋದಿತ ನಕ್ಷೆಯಲ್ಲಿ ನಿಮ್ಮ ಸೈಟಿನ ನಂಬರನ್ನು ಹುಡುಕಿ, ಅಳತೆ ಮತ್ತು ದಿಕ್ಕು ಹೊಂದುತ್ತವೆಯೇ ನೋಡಿ, ಆ ಜಾಗ ಉದ್ಯಾನಕ್ಕೆ ಅಥವಾ ನಾಗರಿಕ ಸೌಲಭ್ಯಕ್ಕೆ ಬಿಟ್ಟದ್ದಲ್ಲ ಎಂದು ಖಚಿತಪಡಿಸಿಕೊಳ್ಳಿ. ಅನುಮೋದನೆ ತಾತ್ಕಾಲಿಕವೋ ಅಂತಿಮವೋ, ನಿಮ್ಮ ಸೈಟು ಮಾರಾಟಕ್ಕೆ ಬಿಡುಗಡೆಯಾದ ಸೈಟುಗಳ ಪಟ್ಟಿಯಲ್ಲಿದೆಯೋ ಎಂಬುದನ್ನೂ ಕೇಳಿ. 500 ಚದರ ಮೀಟರ್ ಮೀರಿದ ಹೊಸ ಬಡಾವಣೆಯಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಇರಬೇಕು, ಅದರ ಜಾಲತಾಣದಲ್ಲಿ ಬಡಾವಣೆಯ ಅನುಮೋದಿತ ನಕ್ಷೆ ನೋಡಸಿಗುತ್ತದೆ. ಮಾರುವವರು ಕೊಟ್ಟ ಪ್ರತಿಯನ್ನು ಅದರೊಡನೆ ಹೋಲಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಯಾವ ಕಾಗದಕ್ಕೆ ಎಷ್ಟು ತೂಕ

ಖಾತೆ ತೆರಿಗೆಗಾಗಿ ಮಾಡಿದ ನಮೂದು. ಗ್ರಾಮ ಪಂಚಾಯಿತಿ ಆಸ್ತಿಗಳ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಜೊತೆಯಾಗಿ ಬಂದರೆ ಅವುಗಳ ಹಿಂದೆ ಯಾವ ಅನುಮೋದನೆ ಇದೆ ಎಂದು ಕೇಳಬಹುದು. 11ಬಿ ಮಾತ್ರ ಇದ್ದರೆ ಅದು ತೆರಿಗೆ ಕಟ್ಟುತ್ತಿರುವುದಕ್ಕೆ ಗುರುತೇ ಹೊರತು ವಲಯಕ್ಕೆ ಅಲ್ಲ. ನೋಂದಣಿಯಾದ ಕ್ರಯಪತ್ರದಿಂದಲೂ ವಲಯ ಬದಲಾಗುವುದಿಲ್ಲ. ಬ್ಯಾಂಕ್ ಸಾಲ ಮಂಜೂರಾಗಿದೆ ಎಂಬ ಮಾತಿಗೆ ಮಾರಾಟದ ಜಾಗದಲ್ಲಿ ಬಹಳ ಬೆಲೆಯಿದೆ, ಕಾನೂನಿನಲ್ಲಿ ಇಲ್ಲ. ತೂಕವಿರುವುದು ಯೋಜನಾ ಪ್ರಾಧಿಕಾರ ಸಹಿ ಮಾಡಿ ಕೊಡುವ ಭೂ ಬಳಕೆಯ ದೃಢೀಕರಣಕ್ಕೆ. ಅರ್ಜಿಯಲ್ಲಿ ಗ್ರಾಮ, ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ ಬರೆದು, ಪಹಣಿ ಮತ್ತು ಸರ್ವೆ ನಕ್ಷೆ ಲಗತ್ತಿಸಿ, ಮೂರು ಪ್ರಶ್ನೆ ಕೇಳಿ: ಜಾರಿಯಲ್ಲಿರುವ ಮಾಸ್ಟರ್ ಪ್ಲಾನಿನಲ್ಲಿ ಇದರ ವಲಯ ಯಾವುದು, ಪ್ರಸ್ತಾವಿತ ರಸ್ತೆ ಅಥವಾ ಬಫರ್ ಇದನ್ನು ಮುಟ್ಟುತ್ತದೆಯೇ, ಭೂಸ್ವಾಧೀನದ ಯಾವುದೇ ಅಧಿಸೂಚನೆ ಇದರ ಮೇಲೆ ಇದೆಯೇ. ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ನಕ್ಷೆಯ ಆ ಭಾಗದ ದೃಢೀಕೃತ ಪ್ರತಿಯನ್ನು ಕೇಳಬಹುದು. ಅದಕ್ಕೆ 30 ದಿನಗಳ ಗಡುವಿದೆ. ಸೂಚಿ, ಪ್ರಮಾಣ, ಅಧಿಸೂಚನೆಯ ದಿನಾಂಕ ಮೂರೂ ಕಾಣುವಂಥ ಪ್ರತಿಯನ್ನೇ ಕೇಳಿ.

ವಲಯ ಹೊಂದದ ಜಮೀನಿನ ಬಗ್ಗೆ ‘ಸಿಎಲ್‌ಯು ಮಾಡಿಸಿಕೊಡುತ್ತೇವೆ’ ಎಂಬ ಭರವಸೆ ಬರುತ್ತದೆ. ಯೋಜನಾ ಕಾಯ್ದೆಯ 14ಎ ಕಲಮಿನಡಿ ಭೂ ಬಳಕೆ ಬದಲಾವಣೆಗೆ (ಸಿಎಲ್‌ಯು) ಅವಕಾಶವಿದೆ ಎಂಬುದು ಸರಿ. ಆದರೆ ಅದು ಸಾರ್ವಜನಿಕ ಪ್ರಕಟಣೆ, ಆಕ್ಷೇಪಣೆ, ಸರ್ಕಾರದ ಅನುಮೋದನೆ, ಶುಲ್ಕ ಇಷ್ಟನ್ನು ದಾಟಿ ಬರಬೇಕಾದ ಹಾದಿ, ಮತ್ತು ನಿರಾಕರಣೆಯೂ ಅದರ ಒಂದು ಸಹಜ ಕೊನೆ. ಈ ಹಾದಿಯನ್ನು ಮಾರುವವರು ನಡೆದು ಮುಗಿಸಿದ ಮೇಲೆ ಕೊಳ್ಳಿ. ಅವರು ನಡೆಯುತ್ತಿರುವಾಗ ಕೊಂಡರೆ ಅದರ ಅಪಾಯಕ್ಕೆ ನೀವೇ ಹಣ ಕೊಟ್ಟಂತೆ.

ಇಷ್ಟೆಲ್ಲ ಮುಗಿಯುವವರೆಗೆ ಮಾರುವವರು ಕಾಯಲು ಒಪ್ಪದಿದ್ದರೆ, ಮತ್ತು ಜಾಗವನ್ನು ಬಿಡಲು ನಿಮಗೂ ಮನಸ್ಸಿಲ್ಲದಿದ್ದರೆ, ಮುಂಗಡದ ಕರಾರುಪತ್ರದಲ್ಲಿ ಒಂದು ಷರತ್ತು ಸೇರಿಸಬೇಕು: ಯೋಜನಾ ಪ್ರಾಧಿಕಾರದ ಲಿಖಿತ ದೃಢೀಕರಣದಲ್ಲಿ ಷೆಡ್ಯೂಲ್ ಸ್ವತ್ತು ವಸತಿ ವಲಯದಲ್ಲಿದೆ ಮತ್ತು ಪ್ರಸ್ತಾವಿತ ರಸ್ತೆ, ಬಫರ್ ಅಥವಾ ಭೂಸ್ವಾಧೀನಕ್ಕೆ ಒಳಪಟ್ಟಿಲ್ಲ ಎಂದು ಬರದಿದ್ದಲ್ಲಿ, ಮುಂಗಡದ ಪೂರ್ತಿ ಮೊತ್ತವನ್ನು ಇಂತಿಷ್ಟು ದಿನಗಳೊಳಗೆ ಮಾರಾಟಗಾರರು ಹಿಂತಿರುಗಿಸತಕ್ಕದ್ದು. ‘ಸ್ವತ್ತು ಎಲ್ಲ ರೀತಿಯಲ್ಲೂ ಸರಿಯಿದೆ’ ಎಂಬ ಸಾಮಾನ್ಯ ವಾಕ್ಯ ಇದಕ್ಕೆ ಬದಲಿಯಾಗದು. ವಲಯದ ಹೆಸರು, ಪ್ರಾಧಿಕಾರದ ಹೆಸರು, ದಿನಗಳ ಸಂಖ್ಯೆ ಮೂರೂ ಬರಹದಲ್ಲಿರಬೇಕು. ಷರತ್ತಿಗೆ ಒಪ್ಪಿ ಸಹಿ ಮಾಡುವವರ ಜೊತೆ ವ್ಯವಹಾರ ಮುಂದುವರಿಸಬಹುದು. ‘ನಮ್ಮ ಮಾತಿನ ಮೇಲೆ ನಂಬಿಕೆಯಿಲ್ಲವೇ’ ಎಂದು ಬೇಸರಪಡುವವರಿಗೆ ವಲಯ ಮೊದಲೇ ಗೊತ್ತಿರುವ ಸಾಧ್ಯತೆ ಹೆಚ್ಚು.